ರೈಲೇ ಬಂದಿಲ್ಲ, ಕೆಂಪು ದೀಪ ಯಾಕೆ? ಎಡಕುಮೇರಿ ಹಳಿಯಿಂದ ಆಫೀಸ್ ಸರ್ವರ್‌ವರೆಗೆ ಸುಳ್ಳು ಎಚ್ಚರಿಕೆ ಪತ್ತೆ ಮಾಡೋದು ಹೀಗೆ

ಸಕಲೇಶಪುರ: ಮಳೆಗಾಲದಲ್ಲಿ ಘಾಟಿ ರೈಲು ಎಡಕುಮೇರಿ ಹತ್ತಿರ ಕಾಡಿನ ನಡುವೆ ಸುಮ್ಮನೆ ನಿಂತುಬಿಟ್ಟರೆ ಬೋಗಿಯಲ್ಲಿದ್ದವರು ಹೇಳೋದು ಒಂದೇ ಮಾತು: "ಸಿಗ್ನಲ್ ಕೈಕೊಟ್ಟಿರಬೇಕು." ನಿಲ್ಲೋದಕ್ಕೆ ಕಾರಣ ಹಲವು ಇರಬಹುದು. ಅದರಲ್ಲಿ ಒಂದು, ಹಳಿಯ ಸೆನ್ಸರ್ ಇಲ್ಲದ ರೈಲನ್ನು "ಇದೆ" ಅಂತ ಹೇಳೋದು.

ಇದೇ ಕಾಟ ಪೇಟೆಯ ಆಫೀಸುಗಳಲ್ಲೂ ಇದೆ. ಸೊಸೈಟಿ ಇರಲಿ, ಕಾಫಿ ಕ್ಯೂರಿಂಗ್ ಇರಲಿ, ಕಾಲೇಜು ಇರಲಿ, ಮೂಲೆಯಲ್ಲೊಂದು ಸರ್ವರ್ ಇರುತ್ತೆ. ಒಂದು ಬೆಳಗ್ಗೆ ಅದರ ಮೇಲೆ ಹಳದಿ ದೀಪ. ಫ್ಯಾನ್ ಹೋಗಿದೆ ಅಂತಲೋ, ಬಿಸಿ 127 ಡಿಗ್ರಿ ಆಗಿದೆ ಅಂತಲೋ ಮೆಸೇಜ್. ಮುಟ್ಟಿ ನೋಡಿದರೆ ತಣ್ಣಗಿದೆ, ಕೆಲಸವೂ ನಡೀತಿದೆ. ಆಗ ನಮ್ಮ ಜನ ಮಾಡೋದು ಎರಡೇ: ಗಾಬರಿಯಾಗಿ ಆಫ್ ಮಾಡೋದು, ಇಲ್ಲಾ "ಅದು ಯಾವಾಗಲೂ ಹಂಗೇ" ಅಂತ ಬಿಟ್ಟುಬಿಡೋದು. ಎರಡೂ ತಪ್ಪು. ರೈಲ್ವೆಯವರು ಏನು ಮಾಡ್ತಾರೆ ಅಂತ ಮೊದಲು ನೋಡೋಣ.

ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಘಾಟಿ ಸುಮಾರು 55 ಕಿ.ಮೀ. 57 ಸುರಂಗ, ನೂರಕ್ಕೂ ಹೆಚ್ಚು ಸೇತುವೆ. ಇಂಥ ಕಡೆ ಹಳಿ ಮೇಲೆ ರೈಲಿದೆಯೋ ಇಲ್ಲವೋ ಅಂತ ಕಣ್ಣಿಂದ ನೋಡೋಕಾಗಲ್ಲ. ಅದಕ್ಕೆ ರೈಲ್ವೆಯಲ್ಲಿ ಎರಡು ಉಪಾಯ ಬಳಕೆಯಲ್ಲಿವೆ.

ಒಂದು ಟ್ರ್ಯಾಕ್ ಸರ್ಕ್ಯೂಟ್. ಎರಡು ಹಳಿಗಳಲ್ಲಿ ಸಣ್ಣ ಕರೆಂಟ್ ಹರೀತಾ ಇರುತ್ತೆ, ಕೊನೆಯಲ್ಲಿ ಒಂದು ರಿಲೇ. ರೈಲು ಬಂದರೆ ಅದರ ಗಾಲಿ ಮತ್ತು ಅಚ್ಚು ಎರಡು ಹಳಿಗಳನ್ನು ಜೋಡಿಸಿಬಿಡುತ್ತೆ. ಕರೆಂಟ್ ರಿಲೇ ಮುಟ್ಟಲ್ಲ, ಸಿಗ್ನಲ್ ಕೆಂಪಾಗುತ್ತೆ. ಆದರೆ ಹಳಿ ಕೆಳಗಿನ ಜಲ್ಲಿ ಕೆಸರಾಗಿ ನೆನೆದರೆ ಕರೆಂಟ್ ಒಂದು ಹಳಿಯಿಂದ ಇನ್ನೊಂದಕ್ಕೆ ಸೋರುತ್ತೆ. ಆಗ ರೈಲು ಇಲ್ಲದಿದ್ದರೂ ಕೆಂಪು.

ಇನ್ನೊಂದು ಆ್ಯಕ್ಸಲ್ ಕೌಂಟರ್. ಹಳಿಗೆ ಕೂರಿಸಿದ ಸೆನ್ಸರ್ ಒಳಗೆ ಹೋದ ಅಚ್ಚುಗಳನ್ನು ಎಣಿಸುತ್ತೆ, ಆಚೆ ತುದಿಯದ್ದು ಹೊರಗೆ ಬಂದಿದ್ದನ್ನು ಎಣಿಸುತ್ತೆ. ಲೆಕ್ಕ ಸಮ ಆದರೆ ಲೈನ್ ಖಾಲಿ. ಸಿಡಿಲು ಹೊಡೆದು ಒಂದು ಎಣಿಕೆ ತಪ್ಪಿದರೂ ಸಾಕು, ಯಂತ್ರದ ಪ್ರಕಾರ ಒಳಗೆ ಇನ್ನೂ ಏನೋ ಇದೆ.

ಗಮನಿಸಿ, ಎರಡರಲ್ಲೂ ಯಂತ್ರ ಕೆಟ್ಟರೆ ಕೆಂಪಿನ ಕಡೆಗೇ ಕೆಡಬೇಕು ಅಂತ ಬೇಕಂತಲೇ ಕಟ್ಟಿದ್ದಾರೆ. ರೈಲು ಲೇಟಾದರೆ ಜನ ಬೈತಾರೆ, ಅಷ್ಟೇ. ಸುಳ್ಳು ಹಸಿರು ಬಿದ್ದರೆ ಏನಾಗುತ್ತೆ ಅಂತ ಹೇಳಬೇಕಾಗಿಲ್ಲ.

ಲೆಕ್ಕ ತಪ್ಪಿತು ಅಂತ ಸ್ಟೇಷನ್ ಮಾಸ್ಟರ್ ತಾನಾಗೇ ಬಟನ್ ಒತ್ತಿ ಸೊನ್ನೆ ಮಾಡೋ ಹಾಗಿಲ್ಲ. ಹೋದ ರೈಲು ಪೂರ್ತಿ ಆಚೆ ಸೇರಿದೆ, ನಡುವೆ ಯಾವ ಬೋಗಿಯೂ ಉಳಿದಿಲ್ಲ ಅಂತ ಬೇರೆ ದಾರಿಯಿಂದ ಖಾತ್ರಿ ಆಗಬೇಕು. ರೀಸೆಟ್ ಆದ ಮೇಲೂ ಮೊದಲ ರೈಲನ್ನು ಸಿಗ್ನಲ್ ನಂಬಿ ಬಿಡೋದಿಲ್ಲ, ಲಿಖಿತ ಅನುಮತಿ ಕೊಟ್ಟು ಕಳಿಸ್ತಾರೆ. ಆ ರೈಲಿನ ಲೆಕ್ಕ ಸರಿಹೊಂದಿದ ಮೇಲಷ್ಟೇ ಯಂತ್ರದ ಮಾತಿಗೆ ಮತ್ತೆ ಬೆಲೆ.

ಸರ್ವರ್‌ಗೂ ಇದೇ ಕ್ರಮ ಸಾಕು. ಸರ್ವರ್ ಒಳಗೆ ಬಿಎಂಸಿ ಅನ್ನೋ ಪುಟ್ಟ ಕಂಪ್ಯೂಟರ್ ಬೇರೆಯೇ ಇರುತ್ತೆ. ಡೆಲ್‌ನಲ್ಲಿ ಐಡ್ರ್ಯಾಕ್, ಎಚ್‌ಪಿಯಲ್ಲಿ ಐಎಲ್‌ಒ ಅಂತ ಹೆಸರು. ಸರ್ವರ್ ಆಫ್ ಇದ್ದರೂ ಪ್ಲಗ್‌ನಲ್ಲಿ ಕರೆಂಟ್ ಇದ್ದರೆ ಇದು ಎದ್ದಿರುತ್ತೆ. ಬಿಸಿ, ಫ್ಯಾನ್, ವೋಲ್ಟೇಜ್ ನೋಡಿ ಲಾಗ್ ಬರೆಯೋದು ಇದರ ಕೆಲಸ. ಮೊದಲು ಆ ಲಾಗ್ ತೆಗೆದು ಮೊಬೈಲ್‌ನಲ್ಲಿ ಒಂದು ಫೋಟೋ ಹೊಡೆದುಕೊಳ್ಳಿ. ಲಾಗ್ ಅಳಿಸಿ ದೀಪ ಆರಿಸೋದು ದೊಡ್ಡ ಕೆಲಸವಲ್ಲ, ಆಮೇಲೆ ಏನಾಗಿತ್ತು ಅಂತ ಹೇಳೋಕೆ ಏನೂ ಉಳಿಯಲ್ಲ.

ಬಿಸಿಯ ಎಚ್ಚರಿಕೆ ಇದ್ದರೆ ಪಕ್ಕದ ಸೆನ್ಸರ್‌ಗಳನ್ನು ನೋಡಿ. ಎಲ್ಲಾ 35, 40 ಅಂತಿರುವಾಗ ಒಂದೇ ಒಂದು 127 ಅಂತಿದ್ದರೆ ಅನುಮಾನ ಪಡಬೇಕು. 127ಕ್ಕೆ ಒಂದು ಗುಟ್ಟಿದೆ: ಪ್ಲಸ್ ಮೈನಸ್ ಎರಡೂ ಇರೋ ಎಂಟು ಬಿಟ್ ಲೆಕ್ಕದಲ್ಲಿ ಅದೇ ಅತಿ ದೊಡ್ಡ ಸಂಖ್ಯೆ. ತಂತಿ ಸಡಿಲ ಆದರೆ, ಅಥವಾ ಚಿಪ್ಪಿನ ಆ ಪಿನ್‌ಗೆ ಏನೂ ಜೋಡಿಸದೇ ಬಿಟ್ಟಿದ್ದರೆ ಇಂಥ ತುದಿಯ ಸಂಖ್ಯೆ ಬರೋದುಂಟು. ಒಂದು ಸೆಕೆಂಡಿನಲ್ಲಿ 40ರಿಂದ 127ಕ್ಕೆ ಹಾರಿದ್ದರೆ ಅದು ಬಿಸಿಯಲ್ಲ, ಓದಿನ ತಪ್ಪು. ನಿಧಾನಕ್ಕೆ 60, 70, 80 ಅಂತ ಏರಿದ್ದರೆ ಮಾತ್ರ ಹುಷಾರು, ಅದು ನಿಜ.

ಫ್ಯಾನ್ ವಿಷಯದಲ್ಲಿ ಮೋಸ ಹೋಗೋರು ಜಾಸ್ತಿ. ಹಳೇ ಫ್ಯಾನ್ ಹೋಯ್ತು ಅಂತ ಸದ್ದಿಲ್ಲದ ಹೊಸದೊಂದನ್ನು ಹಾಕಿರ್ತಾರೆ. ಅದು ನಿಮಿಷಕ್ಕೆ 500 ಸುತ್ತು ತಿರುಗುತ್ತೆ ಅಂದುಕೊಳ್ಳಿ. ಬಿಎಂಸಿಗೆ ಕೊಟ್ಟ ಕನಿಷ್ಠ ಮಿತಿ 700. ಫ್ಯಾನ್ ಸತ್ತಿದೆ ಅಂತ ಅದು ಎಲ್ಲವನ್ನೂ ಜೋರಾಗಿ ಓಡಿಸುತ್ತೆ. ವೇಗ ಮಿತಿ ದಾಟಿತು, ಸರಿ ಅಂತ ಇಳಿಸುತ್ತೆ. ಮತ್ತೆ 500, ಮತ್ತೆ ಗಲಾಟೆ. ದಿನವಿಡೀ ಹೀಗೆ ಕೂಗಿ ಕೂಗಿ ಸುಮ್ಮನಾಗುವ ಸರ್ವರ್ ಇದ್ದರೆ ಮುಚ್ಚಳದ ಕಿಂಡಿಯಿಂದ ಟಾರ್ಚ್ ಬಿಟ್ಟು ನೋಡಿ, ಫ್ಯಾನ್ ಸರಾಗ ತಿರುಗುತ್ತಿದ್ದರೆ ತಪ್ಪು ಮಿತಿಯದ್ದು. ಮಿತಿ ಬದಲಿಸೋದು ಆಗ ಸರಿ. ಕಾರಣ ಗೊತ್ತಿಲ್ಲದೇ ಬದಲಿಸೋದು ಮಾತ್ರ ಕಣ್ಣು ಮುಚ್ಚಿದ ಹಾಗೆ.

ಮಲೆನಾಡಿನಲ್ಲಿ ಪವರ್ ಸಪ್ಲೈ ದೂರು ಬೇರೆ ಥರ. ದೊಡ್ಡ ಸರ್ವರ್‌ಗೆ ಎರಡು ಪವರ್ ಸಪ್ಲೈ ಇರುತ್ತೆ. ಒಂದನ್ನು ಯುಪಿಎಸ್‌ಗೆ, ಇನ್ನೊಂದನ್ನು ನೇರ ಗೋಡೆಯ ಪ್ಲಗ್‌ಗೆ ಹಾಕಿದ್ದರೆ, ಲೈನ್ ಮೇಲೆ ಮರ ಬಿದ್ದಾಗಲೆಲ್ಲಾ "ಒಂದು ಸಪ್ಲೈ ಹೋಯ್ತು" ಅಂತ ಎಚ್ಚರಿಕೆ ಬರುತ್ತೆ. ಇದು ಸುಳ್ಳೇ ಅಲ್ಲ. ಕರೆಂಟ್ ಹೋಗಿದ್ದು ನಿಜ, ಸಪ್ಲೈ ಕೆಟ್ಟಿಲ್ಲ ಅಷ್ಟೇ. ಕರೆಂಟ್ ಇರುವಾಗಲೂ ದೂರು ಬಂದರೆ ಎರಡರ ವೈರ್ ಅದಲು ಬದಲು ಮಾಡಬೇಕು, ಕೆಲಸ ನಿಂತ ಹೊತ್ತಿನಲ್ಲಿ, ಸರ್ವರ್ ಸರಿಯಾಗಿ ಶಟ್‌ಡೌನ್ ಮಾಡಿ. ದೂರು ವೈರ್ ಹಿಂದೆ ಹೋದರೆ ವೈರೋ ಪ್ಲಗ್ಗೋ ಕೆಟ್ಟಿದೆ. ಅಲ್ಲೇ ಉಳಿದರೆ ಸಪ್ಲೈ.

ಇಷ್ಟಾದರೂ ತಪ್ಪು ಸಂಖ್ಯೆ ಹೋಗದಿದ್ದರೆ ಬಿಎಂಸಿಯನ್ನಷ್ಟೇ ರೀಸ್ಟಾರ್ಟ್ ಮಾಡಬಹುದು. ಸಾಮಾನ್ಯವಾಗಿ ಸರ್ವರ್ ಕೆಲಸ ನಿಲ್ಲಲ್ಲ. ಆಮೇಲೆ ಒಂದೆರಡು ದಿನ ಕಣ್ಣಿಟ್ಟಿರಬೇಕು, ರೈಲ್ವೆಯವರು ಮೊದಲ ರೈಲು ಬಿಟ್ಟು ನೋಡೋ ಹಾಗೆ. ಒಂದು ಎಚ್ಚರ: ಹಾರ್ಡ್ ಡಿಸ್ಕ್ ಅಥವಾ ಮೆಮೊರಿ ಎರರ್ ಬಂದರೆ ಸುಳ್ಳೋ ನಿಜವೋ ಅಂತ ಪರೀಕ್ಷೆಗೆ ಇಳಿಯೋ ಮುಂಚೆ ಬ್ಯಾಕಪ್ ತೆಗೀರಿ. ಜನರ ಸಾಲದ ಲೆಕ್ಕ, ಮಕ್ಕಳ ಅಂಕ ಎಲ್ಲಾ ಅದರಲ್ಲೇ ಇರೋದು.

ದೀಪ ಹಸಿರಿದೆ ಅಂತ ನೆಮ್ಮದಿಯಾಗಿ ಮಲಗೋದೂ ಬೇಡ. ಸೆನ್ಸರ್ ತಾನು ಅಳೆಯೋದನ್ನು ಬಿಟ್ಟು ಬೇರೇನೂ ಹೇಳಲ್ಲ. 2024ರ ಜುಲೈ 26ರಂದು ಎಡಕುಮೇರಿ ಮತ್ತು ಕಡಗರವಳ್ಳಿ ನಡುವೆ ಭೂಕುಸಿತ ಆಗಿ ಹತ್ತು ದಿನಕ್ಕೂ ಹೆಚ್ಚು ಕಾಲ ಪ್ರಯಾಣಿಕರ ರೈಲು ಓಡಲಿಲ್ಲ. ಆ್ಯಕ್ಸಲ್ ಕೌಂಟರ್ ಎಣಿಸೋದು ಚಕ್ರ. ಕುಸಿದ ಮಣ್ಣಿಗೆ ಚಕ್ರ ಇಲ್ಲ. ಅದಕ್ಕೇ ಇವತ್ತಿಗೂ ಮಳೆಗಾಲದಲ್ಲಿ ಗಸ್ತು ಸಿಬ್ಬಂದಿ ಟಾರ್ಚ್ ಹಿಡಿದು ಹಳಿ ಮೇಲೆ ನಡೀತಾರೆ. ಸರ್ವರ್ ರೂಮಿನ ಹೆಂಚು ಸೋರುತ್ತಿದ್ದರೂ ಅಷ್ಟೇ, ಹನಿ ಒಳಗೆ ಬೀಳುವ ತನಕ ಬಿಎಂಸಿಗೆ ಗೊತ್ತಾಗಲ್ಲ.

ಹಾಸನದಿಂದ ಟೆಕ್ನಿಷಿಯನ್ ಕರೆಸಿದರೆ ಒಂದು ದಿನ ಹೋಯ್ತು, ಬಂದ ಖರ್ಚು ಬೇರೆ. ಕರೆಸೋ ಮುಂಚೆ ಫೋನಿನಲ್ಲಿ ನಾಲ್ಕು ವಿಷಯ ಹೇಳಿ: ಸೆನ್ಸರ್ ಹೆಸರು, ತೋರಿಸಿದ ಸಂಖ್ಯೆ, ಎಷ್ಟು ಹೊತ್ತಿಗೆ ಬಂತು, ಆಗ ಪಕ್ಕದ ಸೆನ್ಸರ್‌ಗಳಲ್ಲಿ ಎಷ್ಟಿತ್ತು. ಲಾಗ್‌ನಲ್ಲಿ ತಾರೀಖೇ 1970 ಅಂತ ಬರ್ತಿದ್ದರೆ ಅದನ್ನೂ ಹೇಳಿ, ಬೋರ್ಡಿನ ಬಟನ್ ಬ್ಯಾಟರಿ ಮುಗಿದಿರಬಹುದು. ಬರುವಾಗ ಒಂದು ತಂದುಬಿಡ್ತಾರೆ.