ಕಲ್ಲುಹೂವಿನ ಔಷಧೀಯ ಗುಣ: ವರ್ತಕರು, ಉದ್ದಿಮೆದಾರರು ಅರಿಯಬೇಕಾದ ಸಂಗತಿಗಳು

ಚಕ್ರಮೊಗ್ಗು, ಮರಾಠಿ ಮೊಗ್ಗು, ಜಾಪತ್ರೆಗಳ ಜೊತೆಯಲ್ಲಿ ಮಾರಾಟವಾಗುವ ಕಲ್ಲುಹೂವು ದಿನಸಿ ವರ್ತಕರಿಗೆ ಹೊಸ ಸರಕೇನೂ ಅಲ್ಲ. ಬಿಸಿಬೇಳೆ ಬಾತಿನ ಪುಡಿಗೂ ಗರಂ ಮಸಾಲೆಗೂ ವಿಶಿಷ್ಟ ಪರಿಮಳ ನೀಡುವ ಈ ಪದಾರ್ಥಕ್ಕೆ ಆಯುರ್ವೇದದಲ್ಲಿ ‘ಶೈಲೇಯ’ ಎಂಬ ಹೆಸರಿದೆ. ಇದರಲ್ಲಿನ ರಾಸಾಯನಿಕಗಳು ಬ್ಯಾಕ್ಟೀರಿಯಾಗಳನ್ನು ತಡೆಯಬಲ್ಲವು ಎಂಬ ಸಂಶೋಧನಾ ವರದಿಗಳು ಸಾಬೂನು, ಮುಲಾಮು, ಗಿಡಮೂಲಿಕೆ ಉತ್ಪನ್ನಗಳ ತಯಾರಕರ ಗಮನ ಸೆಳೆಯುವುದು ಸಹಜ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಭಾಗದ ಸಣ್ಣ ಉದ್ದಿಮೆದಾರರು ಇದರಲ್ಲಿ ಬಂಡವಾಳ ತೊಡಗಿಸುವ ಮುನ್ನ ಸಾಬೀತಾಗಿರುವುದು ಯಾವುದು, ಆಗದಿರುವುದು ಯಾವುದು ಎಂಬುದನ್ನು ತಿಳಿಯುವುದು ಅಗತ್ಯ.

ಕಲ್ಲುಹೂವು ಎಂದರೇನು?

ಹೆಸರಿನಲ್ಲಿ ಹೂವಿದ್ದರೂ ಇದು ಹೂವಲ್ಲ, ಪಾಚಿಯೂ ಅಲ್ಲ. ಒಂದು ಶಿಲೀಂಧ್ರ ಮತ್ತು ಒಂದು ಶೈವಲ ಕೂಡಿ ಬಾಳುವ ಜೀವರೂಪವಿದು. ಶೈವಲವು ಬಿಸಿಲಿನಿಂದ ಆಹಾರ ತಯಾರಿಸುತ್ತದೆ. ಶಿಲೀಂಧ್ರವು ಆಶ್ರಯ ಮತ್ತು ತೇವಾಂಶ ಒದಗಿಸುತ್ತದೆ. ಬಂಡೆ ಹಾಗೂ ಮರದ ತೊಗಟೆಯ ಮೇಲೆ ವರ್ಷಕ್ಕೆ ಕೆಲವೇ ಮಿಲಿಮೀಟರುಗಳಷ್ಟು ಬೆಳೆಯುವ ಈ ಜೀವಿಯು ಸೂಕ್ಷ್ಮಾಣುಗಳು, ಕೀಟಗಳು ಮತ್ತು ತೀವ್ರ ಬಿಸಿಲಿನಿಂದ ರಕ್ಷಿಸಿಕೊಳ್ಳಲು ವಿಶೇಷ ಆಮ್ಲಗಳನ್ನು ಉತ್ಪಾದಿಸುತ್ತದೆ. ಇಂತಹ 1,000ಕ್ಕೂ ಹೆಚ್ಚು ಸಂಯುಕ್ತಗಳನ್ನು ವಿಜ್ಞಾನಿಗಳು ಗುರುತಿಸಿದ್ದಾರೆ. ಇವುಗಳಲ್ಲಿ ಬಹುಪಾಲು ಬೇರೆ ಸಸ್ಯಗಳಲ್ಲಿ ದೊರೆಯುವುದಿಲ್ಲ.

ಬ್ಯಾಕ್ಟೀರಿಯಾಗಳ ಮೇಲಿನ ಪರಿಣಾಮ

ಈ ಸಂಯುಕ್ತಗಳಲ್ಲಿ ಪ್ರಮುಖವಾದುದು 1844ರಲ್ಲಿ ಮೊದಲು ಬೇರ್ಪಡಿಸಲಾದ, ಹಳದಿ ಬಣ್ಣದ ಅಸ್ನಿಕ್ ಆಮ್ಲ. ಇದು ಗಾಯಗಳಲ್ಲಿ ಕೀವುಂಟುಮಾಡುವ ಸ್ಟೆಫೈಲೊಕಾಕಸ್ ಹಾಗೂ ಸ್ಟ್ರೆಪ್ಟೊಕಾಕಸ್‌ನಂತಹ ಗ್ರಾಂ ಪಾಸಿಟಿವ್ ಬ್ಯಾಕ್ಟೀರಿಯಾಗಳ ಬೆಳವಣಿಗೆಯನ್ನು ತಡೆಯುತ್ತದೆ. ಆದರೆ ಇ. ಕೋಲೈಯಂತಹ ಗ್ರಾಂ ನೆಗೆಟಿವ್ ಬ್ಯಾಕ್ಟೀರಿಯಾಗಳಿಗೆ ಹೆಚ್ಚುವರಿ ಹೊರಪೊರೆ ಇರುವುದರಿಂದ ಅವುಗಳ ಮೇಲೆ ಇದರ ಪ್ರಭಾವ ಅತ್ಯಲ್ಪ. ಹಿಂದಿನ ಸೋವಿಯತ್ ಒಕ್ಕೂಟದಲ್ಲಿ ಇದರ ಸೋಡಿಯಂ ಲವಣವನ್ನು ಗಾಯಗಳಿಗೆ ಹೊರಲೇಪನವಾಗಿ ಬಳಸಲಾಗುತ್ತಿತ್ತು.

ಕರ್ನಾಟಕದಲ್ಲಿ ಶಿವಮೊಗ್ಗದ ಎಸ್.ಆರ್.ಎನ್.ಎಂ.ಎನ್. ಅನ್ವಯಿಕ ವಿಜ್ಞಾನ ಕಾಲೇಜಿನ ಸಂಶೋಧಕರು ಪಶ್ಚಿಮ ಘಟ್ಟದ ಹಲವು ಪ್ರಭೇದಗಳ ಸಾರವನ್ನು ಬ್ಯಾಕ್ಟೀರಿಯಾಗಳ ಮೇಲೆ ಪರೀಕ್ಷಿಸಿ ವರದಿಗಳನ್ನು ಪ್ರಕಟಿಸಿದ್ದಾರೆ. ಇಂತಹ ಪರೀಕ್ಷೆಗಳಲ್ಲಿ ಬ್ಯಾಕ್ಟೀರಿಯಾ ಬೆಳೆಸಿದ ಗಾಜಿನ ತಟ್ಟೆಯಲ್ಲಿ ಸಾರವನ್ನು ಹಾಕಿ, ಅದರ ಸುತ್ತ ಬೆಳವಣಿಗೆ ನಿಂತ ವಲಯವನ್ನು ಅಳೆಯಲಾಗುತ್ತದೆ. ಇದು ಸಂಶೋಧನೆಯ ಮೊದಲ ಮೆಟ್ಟಿಲು. ತಟ್ಟೆಯಲ್ಲಿ ಕಂಡ ಗುಣ ಮನುಷ್ಯನ ದೇಹದಲ್ಲೂ ಅದೇ ರೀತಿ ಕೆಲಸ ಮಾಡುತ್ತದೆಂದು ಇದರಿಂದ ಸಿದ್ಧವಾಗುವುದಿಲ್ಲ.

ತಯಾರಕರು ಗಮನಿಸಬೇಕಾದ ಅಂಶಗಳು

ಮೊದಲನೆಯದಾಗಿ, ಎಲ್ಲ ಕಲ್ಲುಹೂವುಗಳಲ್ಲೂ ಅಸ್ನಿಕ್ ಆಮ್ಲ ಇರುವುದಿಲ್ಲ. ಅದು ಹೇರಳವಾಗಿರುವುದು ಕೊಂಬೆಗಳಿಂದ ಗಡ್ಡದಂತೆ ಇಳಿಬೀಳುವ ಅಸ್ನಿಯಾ ಜಾತಿಯಲ್ಲಿ. ಮಸಾಲೆಗೆ ಬಳಸುವ ಅಗಲ ಎಲೆಯಂತಹ ಪಾರ್ಮೊಟ್ರೀಮಾ ಜಾತಿಯಲ್ಲಿ ಸಾಮಾನ್ಯವಾಗಿ ಕಂಡುಬರುವುದು ಅಟ್ರನೋರಿನ್ ಮತ್ತು ಇತರ ಆಮ್ಲಗಳು. ಮಾರುಕಟ್ಟೆಯ ಒಂದೇ ಮೂಟೆಯಲ್ಲಿ ಹಲವು ಪ್ರಭೇದಗಳು ಬೆರೆತಿರುವುದರಿಂದ ಪ್ರಭೇದ ಗುರುತಿಸದೆ ಔಷಧೀಯ ಗುಣದ ಮಾತನಾಡುವುದು ಅರ್ಥಹೀನ.

ಎರಡನೆಯದಾಗಿ, ಅಸ್ನಿಕ್ ಆಮ್ಲ ನೀರಿನಲ್ಲಿ ಕರಗುವುದಿಲ್ಲವೆನ್ನಬಹುದು. ನೀರಿನಲ್ಲಿ ಕುದಿಸಿದ ಕಷಾಯಕ್ಕೆ, ಅಸಿಟೋನ್‌ನಂತಹ ದ್ರಾವಕದಿಂದ ತೆಗೆದ ಸಾರದ ಗುಣವನ್ನು ಆರೋಪಿಸುವುದು ಸರಿಯಲ್ಲ.

ಮೂರನೆಯದಾಗಿ, ನೈಸರ್ಗಿಕವಾದುದೆಲ್ಲ ನಿರಪಾಯಕಾರಿಯಲ್ಲ. ಅಮೆರಿಕದಲ್ಲಿ ತೂಕ ಇಳಿಸಲೆಂದು ಮಾರಾಟವಾಗುತ್ತಿದ್ದ ಲಿಪೋಕೈನೆಟಿಕ್ಸ್ ಎಂಬ ಮಾತ್ರೆಯಲ್ಲಿ ಇತರ ಘಟಕಗಳೊಡನೆ ಅಸ್ನಿಕ್ ಆಮ್ಲದ ಸೋಡಿಯಂ ಲವಣವಿತ್ತು. ಅದನ್ನು ಸೇವಿಸಿದವರಲ್ಲಿ ಯಕೃತ್ತಿನ ತೀವ್ರ ಹಾನಿ ಕಂಡುಬಂದ ಕಾರಣ, ಅಲ್ಲಿನ ಆಹಾರ ಮತ್ತು ಔಷಧ ಆಡಳಿತವು 2001ರ ನವೆಂಬರ್‌ನಲ್ಲಿ ಅದನ್ನು ಬಳಸದಂತೆ ಸಾರ್ವಜನಿಕರನ್ನು ಎಚ್ಚರಿಸಿತು. ಅಡುಗೆಯಲ್ಲಿ ಚಿಟಿಕೆಯಷ್ಟು ಕಲ್ಲುಹೂವು ಬಳಸುವುದು ಬೇರೆ. ಸಾಂದ್ರಗೊಳಿಸಿದ ಸಾರವನ್ನು ನಿತ್ಯ ನುಂಗುವುದು ಬೇರೆ.

ನಾಲ್ಕನೆಯದು ರಫ್ತುದಾರರಿಗೆ ಸಂಬಂಧಿಸಿದ್ದು. ಅಟ್ರನೋರಿನ್ ವಿಘಟನೆಯಿಂದ ಉಂಟಾಗುವ ಅಟ್ರನಾಲ್ ಚರ್ಮದ ಅಲರ್ಜಿಗೆ ಕಾರಣವಾಗುತ್ತದೆ. ಐರೋಪ್ಯ ಒಕ್ಕೂಟವು 2017ರ ನಿಯಮದ ಮೂಲಕ ಸೌಂದರ್ಯವರ್ಧಕಗಳಲ್ಲಿ ಇದನ್ನು ನಿಷೇಧಿಸಿದೆ.

ಕಚ್ಚಾ ಸಾಮಗ್ರಿಯ ಮೂಲ

ಶಿವಗಂಗೆಯಂತಹ ಗ್ರಾನೈಟ್ ಬೆಟ್ಟಗಳ ಬಂಡೆಗೆ ಅಂಟಿಕೊಂಡ ಬೂದು-ಹಸಿರು ಮಚ್ಚೆಗಳೂ ಇದೇ ಕುಲದವು. ಆದರೆ ವ್ಯಾಪಾರದ ಸರಕು ಅದಲ್ಲ. ವ್ಯಾಪಾರಕ್ಕೆ ಬರುವ ಮಾಲು ಹಿಮಾಲಯದ ತಪ್ಪಲು ಮತ್ತು ದಕ್ಷಿಣದ ಕಾಡುಗಳಿಂದ ಸಂಗ್ರಹವಾಗುತ್ತದೆ. ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರು ಜೇನು, ನೆಲ್ಲಿಕಾಯಿಗಳೊಡನೆ ಕಲ್ಲುಹೂವನ್ನೂ ಸಂಗ್ರಹಿಸುತ್ತಾ ಬಂದವರು. ನಿಧಾನವಾಗಿ ಬೆಳೆಯುವ ಇದನ್ನು ಒಮ್ಮೆ ಪೂರ್ತಿ ಕೆರೆದು ತೆಗೆದರೆ ಮತ್ತೆ ಚಿಗುರಲು ಹಲವು ವರ್ಷಗಳು ಬೇಕು. ಆದ್ದರಿಂದ ಬೇಡಿಕೆ ಹೆಚ್ಚಿದಷ್ಟೂ ಪೂರೈಕೆ ಹೆಚ್ಚುವ ಸರಕು ಇದಲ್ಲ.

ಬೇರಿಲ್ಲದ ಈ ಜೀವಿಯು ಗಾಳಿಯಿಂದಲೇ ಪೋಷಕಾಂಶಗಳನ್ನು ಹೀರುವುದರಿಂದ ಸೀಸದಂತಹ ಲೋಹಗಳನ್ನೂ ಒಡಲಲ್ಲಿ ಸೇರಿಸಿಕೊಳ್ಳುತ್ತದೆ. ಲಾಲ್‌ಬಾಗ್ ಸೇರಿದಂತೆ ಬೆಂಗಳೂರಿನ ಕಲ್ಲುಹೂವುಗಳಲ್ಲಿ ಲೋಹಗಳ ಶೇಖರಣೆಯ ಅಧ್ಯಯನವೊಂದು 2003ರಲ್ಲಿ ಪ್ರಕಟವಾಗಿದೆ. ಹೆದ್ದಾರಿ, ಕಾರ್ಖಾನೆಗಳ ಸಮೀಪ ಸಂಗ್ರಹಿಸಿದ ಮಾಲನ್ನು ಆಹಾರಕ್ಕಾಗಲಿ ಔಷಧಕ್ಕಾಗಲಿ ಬಳಸಲಾಗದು. ಪ್ರತಿ ಮಾಲಿನ ಮಾದರಿಯನ್ನೂ ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ಲೋಹಾಂಶಕ್ಕಾಗಿ ಪರೀಕ್ಷಿಸುವುದು ಕ್ಷೇಮಕರ.

ಕಾನೂನಿನ ಚೌಕಟ್ಟು

ಮಸಾಲೆಯಾಗಿ ಮಾರುವಾಗ 2006ರ ಆಹಾರ ಸುರಕ್ಷತಾ ಕಾಯಿದೆ ಅನ್ವಯಿಸುತ್ತದೆ. ಅದೇ ಪೊಟ್ಟಣದ ಮೇಲೆ ‘ರೋಗ ನಿವಾರಕ’ ಎಂದು ಬರೆದ ಕೂಡಲೇ ವಿಷಯ 1940ರ ಔಷಧ ಮತ್ತು ಕಾಂತಿವರ್ಧಕ ಕಾಯಿದೆಯ ವ್ಯಾಪ್ತಿಗೆ ಬರಬಹುದು. ಶೈಲೇಯವುಳ್ಳ ಆಯುರ್ವೇದ ಔಷಧ ತಯಾರಿಕೆಗೆ ಆಯುಷ್ ಇಲಾಖೆಯ ಪರವಾನಗಿ ಅಗತ್ಯ. 2002ರ ಜೀವವೈವಿಧ್ಯ ಕಾಯಿದೆಯಂತೆ ಜೈವಿಕ ಸಂಪನ್ಮೂಲಗಳ ವಾಣಿಜ್ಯ ಬಳಕೆಗೆ ಮುನ್ನ ರಾಜ್ಯ ಜೀವವೈವಿಧ್ಯ ಮಂಡಳಿಗೆ ಮಾಹಿತಿ ನೀಡುವ ನಿಬಂಧನೆಯಿದೆ. 2023ರ ತಿದ್ದುಪಡಿಯ ವಿನಾಯಿತಿಗಳು ತಮಗೆ ಅನ್ವಯಿಸುತ್ತವೆಯೇ ಎಂಬುದನ್ನು ಮಂಡಳಿಯಲ್ಲಿಯೇ ಖಚಿತಪಡಿಸಿಕೊಳ್ಳುವುದು ಉತ್ತಮ.

ಇವೆಲ್ಲವನ್ನೂ ಪರಿಗಣಿಸಿದಾಗ, ಸಣ್ಣ ಉದ್ದಿಮೆದಾರರಿಗೆ ಸದ್ಯದ ಲಾಭ ಹೊಸ ಔಷಧದಲ್ಲಿಲ್ಲ. ಪ್ರಭೇದ ಗುರುತಿಸಿ, ಕಸಕಡ್ಡಿ ತೆಗೆದು, ಲೋಹಾಂಶ ಪರೀಕ್ಷಿಸಿ, ಮೂಲದ ದಾಖಲೆ ಸಹಿತ ಒದಗಿಸುವ ಶುದ್ಧ ಮಾಲಿನಲ್ಲಿದೆ. ಔಷಧ ಕಂಪನಿಯಾಗಲಿ ಮಸಾಲೆ ತಯಾರಕರಾಗಲಿ, ಇಂತಹ ಮಾಲಿಗೆ ಹೆಚ್ಚಿನ ಬೆಲೆ ಕೊಡಲು ಕಾರಣವಿರುತ್ತದೆ.