ಪಾಕೀಟಿನಿಂದ ಹೊರಬಂದ ಒಂಟಿ ಸಿಗರೇಟು

2025ರ ಮೇ ತಿಂಗಳಲ್ಲಿ ರಾಷ್ಟ್ರಪತಿಗಳ ಅಂಕಿತ ಪಡೆದ ಕರ್ನಾಟಕದ ತಂಬಾಕು ನಿಯಂತ್ರಣ ತಿದ್ದುಪಡಿ ಕಾಯ್ದೆಯಲ್ಲಿ ಹುಕ್ಕಾ ಬಾರ್‌ಗಳ ನಿಷೇಧ, ಖರೀದಿಯ ಕನಿಷ್ಠ ವಯಸ್ಸನ್ನು 18ರಿಂದ 21ಕ್ಕೆ ಏರಿಸಿದ್ದು, ಸಾರ್ವಜನಿಕ ಸ್ಥಳದಲ್ಲಿ ಸೇದಿದವರ ದಂಡವನ್ನು 200 ರೂಪಾಯಿಯಿಂದ 1,000 ರೂಪಾಯಿಗೆ ಹೆಚ್ಚಿಸಿದ್ದು ಪತ್ರಿಕೆಗಳ ತಲೆಬರಹಕ್ಕೆ ಬಂದವು. ಆದರೆ ಹಾವೇರಿ ಜಿಲ್ಲೆ ಶಿಗ್ಗಾವಿ ತಾಲ್ಲೂಕಿನ ಹಿರೇಬೆಂಡಿಗೇರಿಯಂಥ ಊರುಗಳ ಮಟ್ಟಿಗೆ ಇವೆಲ್ಲಕ್ಕಿಂತ ತೂಕದ ಮಾತು ಅದೇ ಕಾಯ್ದೆಯ ಒಂದು ಚಿಕ್ಕ ಉಪವಾಕ್ಯದಲ್ಲಿ ಅಡಗಿದೆ: ಪಾಕೀಟು ಒಡೆದು ಸಿಗರೇಟನ್ನು ಬಿಡಿಯಾಗಿ ಮಾರುವಂತಿಲ್ಲ. ಹುಕ್ಕಾ ಬಾರ್ ಬೆಂಗಳೂರಿನ ಚಿಂತೆ; ಹಳ್ಳಿಯ ಪಾನ್ ಅಂಗಡಿಯ ತಂಬಾಕು ವ್ಯಾಪಾರ ನಿಂತಿರುವುದು ಈ ಒಂಟಿ ಸಿಗರೇಟಿನ ಮೇಲೆ, ಮತ್ತು ಅದನ್ನು ಕೊಳ್ಳುವವರಲ್ಲಿ ತಾನು ಸೇದುವವನೇ ಅಲ್ಲ ಎಂದು ನಂಬಿದವನೂ ಇದ್ದಾನೆ.

ಜಾತ್ರೆಗೆ, ನಾಟಕದ ರಾತ್ರಿಗೆ, ಮದುವೆಯ ಹಿಂದಿನ ದಿನದ ಇಸ್ಪೀಟಿಗೆ ಒಂದೋ ಎರಡೋ ಸಿಗರೇಟು ಹಚ್ಚುವ ಈ ಮನುಷ್ಯ ವೈದ್ಯರು ಕೇಳಿದಾಗ "ಯಾವಾಗರ ಒಂದ್ ಸೇದತೀನ್ರಿ, ಚಟ ಏನಿಲ್ರಿ" ಎಂದು ಉತ್ತರಿಸುತ್ತಾನೆ, ಮತ್ತು ಆ ಉತ್ತರ ಸುಳ್ಳೂ ಅಲ್ಲ. ಚಟ, ಅಂದರೆ ನಿಕೋಟಿನ್ ಇಲ್ಲದೆ ದಿನ ಸಾಗದ ಸ್ಥಿತಿ, ಅವನಿಗೆ ನಿಜವಾಗಿಯೂ ಇಲ್ಲದಿರಬಹುದು. ತೊಡಕಿರುವುದು ಚಟವಿಲ್ಲದಿದ್ದರೆ ಅಪಾಯವೂ ಇಲ್ಲವೆಂದು ಅವನು ಅಲ್ಲಿಂದ ಕಟ್ಟಿಕೊಳ್ಳುವ ತೀರ್ಮಾನದಲ್ಲಿ. ಅವನಿಗೆ ಈ ನಂಬಿಕೆಯನ್ನು ಒದಗಿಸಿಕೊಟ್ಟದ್ದು ಬಹುಮಟ್ಟಿಗೆ ಬಿಡಿ ಮಾರಾಟವೇ. ಮನೆಯಲ್ಲಿ ಪಾಕೀಟು ಇಟ್ಟುಕೊಂಡವನಿಗೆ ಎಷ್ಟು ಖಾಲಿಯಾಯಿತೆಂಬ ಲೆಕ್ಕ ಕಣ್ಣಿಗೆ ಬೀಳುತ್ತದೆ, ಮನೆಯವರಿಗೂ ತಿಳಿಯುತ್ತದೆ. ಒಂದೊಂದಾಗಿ ಕೊಂಡು ಅಂಗಡಿಯ ದಾರಕ್ಕೆ ಕಟ್ಟಿ ಇಳಿಬಿಟ್ಟ ಲೈಟರಿನಲ್ಲಿಯೇ ಹಚ್ಚಿಕೊಂಡು ಹೋಗುವವನ ಬಳಿ ಕಡ್ಡಿಪೆಟ್ಟಿಗೆಯ ಗುರುತೂ ಉಳಿಯುವುದಿಲ್ಲ.

ಸವಣೂರಿನ ವೀಳ್ಯದೆಲೆಗೆ ಹೆಸರಾದ ಈ ಸೀಮೆಯಲ್ಲಿ ಪಾನ್ ಅಂಗಡಿಯ ಮರ್ಯಾದೆ ಎಲೆಯದು, ಸಿಗರೇಟು ಆಮೇಲೆ ಬಂದು ಸೇರಿಕೊಂಡ ಸರಕು; ಆದರೂ ಅದರ ಪಾಕೀಟಿನ ಕತೆ ವಿಚಿತ್ರವಾದದ್ದು. ಪಾಕೀಟಿನ ಎರಡೂ ಬದಿಯ ಶೇ 85 ಭಾಗವನ್ನು ಚಿತ್ರಸಹಿತ ಎಚ್ಚರಿಕೆ ಆವರಿಸಬೇಕೆಂಬ ಕೇಂದ್ರದ ನಿಯಮ 2016ರ ಏಪ್ರಿಲ್ 1ರಿಂದ ಜಾರಿಗೆ ಬಂದಾಗ ತಂಬಾಕು ಉದ್ಯಮ ದೇಶದ ನಾನಾ ನ್ಯಾಯಾಲಯಗಳ ಮೆಟ್ಟಿಲೇರಿತು. ಸುಪ್ರೀಂ ಕೋರ್ಟ್ ಆ ಮೊಕದ್ದಮೆಗಳನ್ನೆಲ್ಲ ಕರ್ನಾಟಕ ಹೈಕೋರ್ಟಿಗೆ ವರ್ಗಾಯಿಸಿತು. ಹೈಕೋರ್ಟ್ 2017ರ ಡಿಸೆಂಬರಿನಲ್ಲಿ ನಿಯಮವನ್ನು ರದ್ದುಮಾಡಿತು. ತಿಂಗಳು ಕಳೆಯುವುದರೊಳಗೆ, 2018ರ ಜನವರಿಯಲ್ಲಿ, ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ನೀಡಿ ಚಿತ್ರವನ್ನು ಉಳಿಸಿತು. ಇಷ್ಟೆಲ್ಲ ವಾದ ನಡೆದು ಉಳಿದ ಆ ಚಿತ್ರವನ್ನು ಶಿಗ್ಗಾವಿ ಕಡೆಯ ಅಂಗಡಿಯಲ್ಲಿ ದಿನವಿಡೀ ನೋಡುವವನು ಅಂಗಡಿಕಾರ ಮಾತ್ರ, ಏಕೆಂದರೆ ಒಡೆದ ಪಾಕೀಟು ಇರುವುದು ಅವನ ಕೈಯಳತೆಯಲ್ಲಿ, ಗಿರಾಕಿಗೆ ದಕ್ಕುವುದು ಬರಿಯ ಬಿಳಿ ಕೊಳವೆ. ಬೆಲೆಯ ವಿಷಯದಲ್ಲಿಯೂ ಹೀಗೆಯೇ: ತೆರಿಗೆ ಏರಿದಾಗ ಇಡೀ ಪಾಕೀಟು ಕೊಳ್ಳುವವನು ಹುಬ್ಬು ಗಂಟಿಕ್ಕುತ್ತಾನೆ, ಒಂದು ಕೊಳ್ಳುವವನಿಗೆ ಆ ಏರಿಕೆ ಒಂದೆರಡು ರೂಪಾಯಿಯ ಚಿಲ್ಲರೆಯಲ್ಲಿ ಕರಗಿಹೋಗುತ್ತದೆ. ಬಿಡಿ ಮಾರಾಟವನ್ನು ರಾಜ್ಯ ಸರ್ಕಾರ 2017ರಲ್ಲಿಯೂ ನಿಷೇಧಿಸಿತ್ತು, ಆದರೂ ಮಾರಾಟ ನಿಲ್ಲಲಿಲ್ಲವೆಂಬುದನ್ನು ನೆನೆದರೆ, ಹೊಸ ಕಾಯ್ದೆಯ ಮೇಲೆ ಪೂರ್ಣ ಭರವಸೆ ಇಡುವುದು ಕಷ್ಟ.

ಇನ್ನು ಒಂದು ಸಿಗರೇಟು ದೇಹದಲ್ಲಿ ಮಾಡುವ ಕೆಲಸ. ಹೃದಯದ ಸ್ನಾಯುವಿಗೆ ರಕ್ತ ಒಯ್ಯುವ ನಾಳಗಳಿಗೆ ಪರಿಧಮನಿಗಳೆಂದು ಹೆಸರು, ಅವು ಕಿರಿದಾಗಿ ಉಂಟಾಗುವುದು ಪರಿಧಮನಿ ಹೃದ್ರೋಗ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಅಲನ್ ಹ್ಯಾಕ್‌ಶಾ ಮತ್ತು ಸಂಗಡಿಗರು 141 ದೀರ್ಘಾವಧಿ ಅಧ್ಯಯನಗಳನ್ನು ಒಟ್ಟುಗೂಡಿಸಿ 2018ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ದಿನಕ್ಕೆ 20 ಸೇದುವವರಿಗೆ ಈ ರೋಗದ ಅಪಾಯ ಎಷ್ಟು ಹೆಚ್ಚುತ್ತದೆಯೋ ಅದರಲ್ಲಿ ಗಂಡಸರಿಗೆ ಶೇ 46, ಹೆಂಗಸರಿಗೆ ಶೇ 31ರಷ್ಟು ಪಾಲು ದಿನಕ್ಕೆ ಒಂದೇ ಸಿಗರೇಟಿನಿಂದಲೇ ಬಂದುಬಿಡುತ್ತದೆ. ಸಾಮಾನ್ಯ ಗಣಿತದಲ್ಲಿ ಅದು ಇಪ್ಪತ್ತನೆಯ ಒಂದು ಭಾಗ, ಎಂದರೆ ಶೇ 5 ಆಗಬೇಕಿತ್ತು. ಹೊಗೆಯ ಅಲ್ಪ ಪ್ರಮಾಣಕ್ಕೇ ರಕ್ತನಾಳದ ಒಳಪೊರೆ ಹಿಗ್ಗುವ ಗುಣ ಕಳೆದುಕೊಳ್ಳುವುದು, ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಎಂಬ ಕಣಗಳು ಒಂದಕ್ಕೊಂದು ಬೇಗ ಅಂಟಿಕೊಳ್ಳುವುದು ಇದಕ್ಕೆ ಕಾರಣ. ಈ ಪರಿಣಾಮಗಳು ಆ ಅಲ್ಪ ಪ್ರಮಾಣದಲ್ಲಿಯೇ ಬಹುಪಾಲು ತುಂಬಿಕೊಳ್ಳುತ್ತವೆ, ಅನಂತರದ ಸಿಗರೇಟುಗಳು ಸೇರಿಸುವುದು ಕಡಿಮೆ. ಶ್ವಾಸಕೋಶದ ಕ್ಯಾನ್ಸರಿನ ನಡೆ ಬೇರೆ, ಅದು ಹೆಚ್ಚುಕಡಿಮೆ ಸೇದಿದ ಪ್ರಮಾಣಕ್ಕೆ ತಕ್ಕಂತೆ ಏರುತ್ತದೆ. ಸೇದುವವನ ಮನಸ್ಸಿನಲ್ಲಿರುವ ಭಯ ಕ್ಯಾನ್ಸರಿನದೇ ಆದ್ದರಿಂದ ಅದರ ಗಣಿತವನ್ನೇ ಹೃದಯಕ್ಕೂ ಅನ್ವಯಿಸಿ ಅವನು ನಿಶ್ಚಿಂತನಾಗುತ್ತಾನೆ.

ದಿನಕ್ಕೊಂದು ಎಂಬುದು ಜಾತ್ರೆಗೊಂದು ಎಂಬುದಕ್ಕೆ ಸಮನಲ್ಲ, ಮತ್ತು ಹ್ಯಾಕ್‌ಶಾ ಅವರ ಅಂಕಿಯನ್ನು ವರ್ಷಕ್ಕೆ ನಾಲ್ಕು ಸಲ ಸೇದುವವನಿಗೆ ಅಂಟಿಸಿ ಹೆದರಿಸುವುದು ಶಾಸ್ತ್ರಕ್ಕೆ ಒಪ್ಪುವ ಕೆಲಸವಲ್ಲ. ಆದರೆ ಸರಾಸರಿ ದಿನಕ್ಕೆ ಒಂದಕ್ಕಿಂತಲೂ ಕಡಿಮೆ ಸಿಗರೇಟನ್ನು ಜೀವನದುದ್ದಕ್ಕೂ ಸೇದಿದವರನ್ನು ಅಮೆರಿಕದಲ್ಲಿ ಪರಿಶೀಲಿಸಿದಾಗ, ಎಂದೂ ಸೇದದವರಿಗಿಂತ ಅವರ ಸಾವಿನ ಅಪಾಯ ಶೇ 64ರಷ್ಟು ಹೆಚ್ಚಿತ್ತು. ಅಲ್ಲದೆ 'ಯಾವಾಗರ ಒಂದು' ಎಂಬುದು ನಿಂತಲ್ಲೇ ನಿಲ್ಲುವುದೂ ಅಪರೂಪ: ಬ್ರಿಟನ್, ಅಮೆರಿಕ, ಆಸ್ಟ್ರೇಲಿಯ, ನ್ಯೂಜಿಲೆಂಡ್‌ಗಳ ಸಮೀಕ್ಷೆಗಳನ್ನು ಕೂಡಿಸಿ 2018ರಲ್ಲಿ ಹೊರಬಂದ ವಿಶ್ಲೇಷಣೆಯಂತೆ, ಒಮ್ಮೆ ಸಿಗರೇಟಿನ ರುಚಿ ನೋಡಿದವರಲ್ಲಿ ಮೂರನೆಯ ಎರಡು ಭಾಗದಷ್ಟು ಮಂದಿ ಸ್ವಲ್ಪ ಕಾಲವಾದರೂ ದಿನನಿತ್ಯ ಸೇದುವವರಾಗಿದ್ದರು.

ಸಿಗರೇಟಿನ ಬದಲು ಹಚ್ಚುವ ಬೀಡಿಯಲ್ಲಿ ತಂಬಾಕು ಕಡಿಮೆ, ಮೇಲಿನದು ಗಿಡದ ಎಲೆ, ಆದ್ದರಿಂದ ಅದು ಸೌಮ್ಯ ಎಂಬ ನಂಬಿಕೆಗೂ ಆಧಾರವಿಲ್ಲ. ಎಲೆಯೊಳಗೆ ಗಾಳಿ ಸರಾಗವಾಗಿ ಆಡದೆ ಅದು ಮತ್ತೆ ಮತ್ತೆ ಆರುವುದರಿಂದ ಸೇದುವವನು ಪದೇ ಪದೇ ಜೋರಾಗಿ ಎಳೆಯುತ್ತಾನೆ, ಟಾರ್ ಎಂಬ ಅಂಟು ಮಸಿಯೂ ರಕ್ತದ ಆಮ್ಲಜನಕವನ್ನು ಕಸಿಯುವ ಕಾರ್ಬನ್ ಮಾನಾಕ್ಸೈಡ್ ಅನಿಲವೂ ಅಷ್ಟೇ ಹೆಚ್ಚು ಒಳಗೆ ಹೋಗುತ್ತವೆ. ತಂಬಾಕು ಹೊಗೆಯಾಗಿಯೇ ಒಳಗೆ ಹೋಗಬೇಕೆಂದೂ ಇಲ್ಲ: 2016-17ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಕರ್ನಾಟಕದ ವಯಸ್ಕರಲ್ಲಿ ಸೇದುವವರು ಶೇ 8.8, ಜಗಿಯುವುದೇ ಮೊದಲಾದ ಹೊಗೆರಹಿತ ತಂಬಾಕಿನವರು ಶೇ 16.3 ಇದ್ದರು. ಎಲೆ ಅಡಿಕೆಯ ನಾಡಿನಲ್ಲಿ ಅಪರೂಪಕ್ಕೆ ಸೇದುವವನ ಬಾಯಲ್ಲಿ ತಂಬಾಕು ಮೊದಲೇ ಇರುವ ಸಾಧ್ಯತೆಯನ್ನು ವೈದ್ಯರು ಬೇರೆಯಾಗಿ ಕೇಳಿಯೇ ತಿಳಿಯಬೇಕು.

ಬಿಡುವುದಕ್ಕೆ ನೆರವು ಕೊಡುವ ರಾಷ್ಟ್ರೀಯ ಸಹಾಯವಾಣಿ, 1800-11-2356, ಪುಕ್ಕಟೆಯದು. 2018ರ ಸೆಪ್ಟೆಂಬರಿನಿಂದ ಈ ಸಂಖ್ಯೆ ಪ್ರತಿ ಪಾಕೀಟಿನ ಮೇಲೂ ಎಚ್ಚರಿಕೆಯ ಚಿತ್ರದೊಡನೆ ಅಚ್ಚಾಗುತ್ತಿದೆ. ಬಿಡಿ ಸಿಗರೇಟಿನ ಗಿರಾಕಿ ಅದನ್ನು ಓದಬೇಕಾದರೆ ಅಂಗಡಿಕಾರನಿಂದ ಪಾಕೀಟನ್ನು ಕೇಳಿ ತೆಗೆದುಕೊಳ್ಳಬೇಕು.