ಕಾವಲುಗಾರನ ಮಾತು ತಿಳಿಯದಿದ್ದರೆ

2017ರ ಮೇ 12ರಂದು ‘ವನ್ನಾಕ್ರೈ’ ಎಂಬ ದುಷ್ಟ ತಂತ್ರಾಂಶವು ಜಗತ್ತಿನ ಕಂಪ್ಯೂಟರುಗಳ ಮೇಲೆ ದಾಳಿಯಿಟ್ಟಿತು. ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಗಳನ್ನೂ ಮುಂದೂಡಬೇಕಾಯಿತು. ಕಡತಗಳಿಗೆ ಬೀಗ ಜಡಿದು ಹಣ ಕೇಳುವ ಅದರ ಓಲೆಯು 28 ಭಾಷೆಗಳಲ್ಲಿತ್ತು. ಬೇಕಾದ ಭಾಷೆಯನ್ನು ಆರಿಸಿಕೊಳ್ಳಲು ಪಟ್ಟಿಯೂ ಇತ್ತು. ಕಳ್ಳನ ಸೌಜನ್ಯವನ್ನು ಮೆಚ್ಚಬೇಕು! ಕನ್ನಡಕ್ಕೆ ಆ ಪಟ್ಟಿಯಲ್ಲಿ ಸ್ಥಾನವಿರಲಿಲ್ಲ. ಅದಕ್ಕಾಗಿ ಯಾರೂ ದುಃಖಿಸಬೇಕಾಗಿಲ್ಲ.

ದುಃಖಿಸಬೇಕಾದುದು ಬೇರೆ. ಅಂಗಡಿ, ಕಚೇರಿಗಳ ಕಂಪ್ಯೂಟರನ್ನು ಕಾಯುವ ತಂತ್ರಾಂಶವು ಅಪಾಯವನ್ನು ಕಂಡೊಡನೆ ಬಹುಮಟ್ಟಿಗೆ ಇಂಗ್ಲಿಷಿನಲ್ಲಿಯೇ ಎಚ್ಚರಿಸುತ್ತದೆ. ಅದರ ಅರ್ಥ ತಿಳಿಯದ ಗುಮಾಸ್ತನು ಕೈಗೆ ಸಿಕ್ಕಿದ ಗುಂಡಿಯನ್ನೊತ್ತಿ, ಪೀಡೆ ತೊಲಗಿತೆಂದುಕೊಳ್ಳುತ್ತಾನೆ.

ವಿಂಡೋಸ್‌ನೊಡನೆ ಬರುವ ‘ಡಿಫೆಂಡರ್’ ಕಾವಲಿಗೆ ತನ್ನದೇ ಆದ ಭಾಷೆಯಿಲ್ಲ. ವಿಂಡೋಸ್ ಆಡುವ ಭಾಷೆಯನ್ನೇ ಅದೂ ಆಡುತ್ತದೆ. ಸೆಟ್ಟಿಂಗ್ಸ್‌ನಲ್ಲಿ ‘ಟೈಮ್ ಅಂಡ್ ಲ್ಯಾಂಗ್ವೇಜ್’ ವಿಭಾಗವನ್ನು ತೆರೆದು, ಕನ್ನಡದ ಲ್ಯಾಂಗ್ವೇಜ್ ಪ್ಯಾಕ್ ಸೇರಿಸಿ, ಪ್ರದರ್ಶನದ ಭಾಷೆಯಾಗಿ ಕನ್ನಡವನ್ನು ಆರಿಸಿ, ಒಮ್ಮೆ ಸೈನ್ ಔಟ್ ಮಾಡಿ ಮತ್ತೆ ಪ್ರವೇಶಿಸಿದರಾಯಿತು. ಕಚೇರಿಯ ಯಂತ್ರವಾದರೆ ಮೇಲ್ವಿಚಾರಕರ ಅನುಮತಿ ಬೇಕಾದೀತು. ಎಲ್ಲ ಪದಗಳೂ ಕನ್ನಡಕ್ಕೆ ತಿರುಗುವುದಿಲ್ಲವೆಂಬುದೂ ನಿಜ. ಸಿಕ್ಕಿಬಿದ್ದ ವೈರಿಯ ಹೆಸರಂತೂ ಯಾವ ಭಾಷೆಯಲ್ಲಿಯೂ ಬದಲಾಗದು. ಮೇಲ್ವಿಚಾರಕರಿಗೆ ಫೋನು ಮಾಡಿದಾಗ ಅದನ್ನು ಒಂದೊಂದೇ ಅಕ್ಷರವಾಗಿ ಓದಿ ಹೇಳಬೇಕು.